ಆನ್ ಅಂದ್ರೆ ನಿಲ್ಲು

ಸುಗಟೂರಿಗೆ ರೈಲ್ವೆ ಸ್ಟೇಷನ್ ಇಲ್ಲ. ಇರೋ ಒಂದೇ ಒಂದು ಸ್ಟೇಷನ್ ನಮ್ಮ ತಾತನ ಹುಳು ಮನೆಯಲ್ಲಿದೆ, ಅದರ ಪ್ಲಾಟ್‌ಫಾರಂ ಒಂದು ಮೊಳ ಉದ್ದ. ಹುಳು ಮನೆ ಅಂದ್ರೆ ಗಾಬರಿ ಆಗಬೇಡಿ, ನಮ್ಮ ಕೋಲಾರದ ಕಡೆ ರೇಷ್ಮೆ ಹುಳು ಮೇಯಿಸೋ ಶೆಡ್ಡಿಗೆ ಹಾಗಂತೀವಿ. ನಮ್ಮಲ್ಲಿ ಹುಳು ಮೇಯಿಸೋದು ನಿಲ್ಲಿಸಿ ಮೂರು ವರ್ಷ ಆಯ್ತು. ಸೊಪ್ಪು ಕೊಯ್ಯೋಕೆ ಆಳು ಸಿಗಲ್ಲ, ಅಜ್ಜಿಗೆ ಮಂಡಿ ನೋವು. ಖಾಲಿ ಶೆಡ್ಡು, ಗೋಡೆಗೆ ಒರಗಿಸಿಟ್ಟ ಆರಡಿ ನಾಲ್ಕಡಿ ಚಂದ್ರಿಕೆಗಳು, ಒಂದು ಟ್ಯೂಬ್‌ಲೈಟು. ಮಾಡೆಲ್ ರೈಲ್ವೆಗೆ ಇದಕ್ಕಿಂತ ಒಳ್ಳೇ ಜಾಗ ಬೇಕಾ?

ನಾವು ಅಂದ್ರೆ ಅಕ್ಕ ತಮ್ಮ ಇಬ್ಬರು. ಅಕ್ಕ ಇಲ್ಲಿ ಸೆಕೆಂಡ್ ಇಯರ್, ತಮ್ಮ ಕೋಲಾರದಲ್ಲಿ ಸೆಕೆಂಡ್ ಪಿಯುಸಿ. ಟೈಪ್ ಮಾಡ್ತಿರೋದು ಅಕ್ಕ. ಆದರೆ ತಮ್ಮ ಪಕ್ಕದಲ್ಲೇ ಕೂತು ಒಂದೊಂದು ಸಾಲಿಗೂ ತಕರಾರು ತೆಗೀತಿದ್ದಾನೆ, ಅದಕ್ಕೇ 'ನಾವು' ಅಂತ ಬರೆಯೋದು ಅಂತ ಒಪ್ಪಂದ ಆಗಿದೆ. ಇಬ್ಬರೂ ಓದಿದ್ದು ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿರೋದು ಎಸ್ಸೆಸ್ಸೆಲ್ಸಿ ಪ್ರಬಂಧದ ನಂತರ ಇದೇ ಮೊದಲು. ತಪ್ಪಿದ್ರೆ ಕ್ಲಬ್ಬಿನವರು ತಿದ್ದಿಕೊಳ್ಳಲಿ.

ಊರಿಗೆ ಸ್ಟೇಷನ್ ಇಲ್ಲ ಅಂದ್ವಿ. ಆದರೆ ನಮ್ಮ ಜಿಲ್ಲೆಗೆ ಒಂದು ಪುಟಾಣಿ ರೈಲು ಇತ್ತು. 1913ರಲ್ಲಿ ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ ನ್ಯಾರೋ ಗೇಜ್ ಲೈನ್ ಬಂತು. ಬೌರಿಂಗ್‌ಪೇಟೆ ಅಂದ್ರೆ ಈಗಿನ ಬಂಗಾರಪೇಟೆನೇ, ಮೈಸೂರು ಸೀಮೆಯ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರು. ಆಮೇಲೆ ಆ ಲೈನು ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ ಹಾದು ಚಿಕ್ಕಬಳ್ಳಾಪುರ ಮುಟ್ಟಿತು, ಅಲ್ಲಿಂದ ದೇವನಹಳ್ಳಿ ಮೇಲೆ ಬೆಂಗಳೂರಿಗೂ ಸೇರಿಕೊಂಡಿತು. ಎರಡು ಹಳಿಗಳ ಮಧ್ಯೆ ಎರಡೂವರೆ ಅಡಿ, ಅಂದ್ರೆ 762 ಮಿಲಿಮೀಟರ್. ಈಗಿನ ಬ್ರಾಡ್ ಗೇಜ್ 1,676. ಅರ್ಧಕ್ಕಿಂತ ಕಮ್ಮಿ! ತೊಂಬತ್ತರ ದಶಕದಲ್ಲಿ ಅದರ ಕಾಲ ಮುಗೀತು. ಬಂಗಾರಪೇಟೆ–ಕೋಲಾರ 1997ರಲ್ಲಿ ಬ್ರಾಡ್ ಗೇಜ್ ಆಗಿ ಒಂಟಿ ಡಬ್ಬಿಯ ರೈಲ್‌ಬಸ್ ಓಡಾಡಿತು. ಕೋಲಾರದಿಂದ ಚಿಕ್ಕಬಳ್ಳಾಪುರದವರೆಗೆ ಬ್ರಾಡ್ ಗೇಜ್ ಬರೋಕೆ 2013 ಆಗಬೇಕಾಯ್ತು. ಅಂದ್ರೆ ನ್ಯಾರೋ ಗೇಜನ್ನು ನಾವಿಬ್ಬರೂ ಕಣ್ಣಲ್ಲಿ ನೋಡಿಲ್ಲ. ಕೇಳಿದ್ದು ಪೂರ್ತಿ ತಾತನ ಬಾಯಲ್ಲಿ.

ತಾತ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವರು. ಕೆಲಸ ಮಾಡಿದ್ದು ದೊಡ್ಡ ಲೈನಿನ ಚಿಕ್ಕ ಚಿಕ್ಕ ಸ್ಟೇಷನ್ನುಗಳಲ್ಲಿ, ಪ್ರೀತಿ ಮಾತ್ರ ಊರ ಕಡೆಯ ಚಿಕ್ಕ ಲೈನಿನ ಮೇಲೆ. ಸುಗಟೂರಿನ ಪಾಳೇಗಾರರು ಹೊಸಕೋಟೆಯಲ್ಲಿ ಕೋಟೆ ಕಟ್ಟಿಸಿದರು ಅಂತ ಊರಲ್ಲಿ ಎಲ್ಲರೂ ಹೆಮ್ಮೆಯಿಂದ ಹೇಳ್ತಾರೆ. ತಾತ ಮಾತ್ರ, "ಕೋಟೆ ಕಟ್ಸಿ ಏನ್ ಬಂತು, ಊರಿಗೊಂದು ಸ್ಟೇಷನ್ ಬರ್ಲಿಲ್ವಲ್ಲ" ಅಂತಾರೆ. ಆ ಮಾತಿನಿಂದಲೇ ನಮ್ಮ ಪ್ಲಾನ್ ಹುಟ್ಟಿದ್ದು. ಸುಗಟೂರಿಗೆ ಒಂದು ಸ್ಟೇಷನ್ ಇದ್ದಿದ್ರೆ ಹೇಗಿರ್ತಿತ್ತೋ ಹಾಗೆ.

ಲೆಕ್ಕ ಚೆನ್ನಾಗಿ ಕೂಡಿ ಬಂತು. ಎಚ್‌ಓ ಅನ್ನೋ ಅಳತೆಯಲ್ಲಿ ಎಲ್ಲವೂ 87ನೇ ಒಂದು ಭಾಗ. 762ನ್ನು 87ರಿಂದ ಭಾಗಿಸಿದ್ರೆ 8.76. ಎನ್ ಗೇಜ್ ಅಂತ ಇನ್ನೊಂದು ಚಿಕ್ಕ ಅಳತೆ ಇದೆ, ಅದರ ಹಳಿ ಅಗಲ 9 ಮಿಲಿಮೀಟರ್. ಅಂದ್ರೆ ಎನ್ ಹಳಿ ಹಾಕಿ, ಅದರ ಮೇಲೆ ಎಚ್‌ಓ ಅಳತೆಯ ಡಬ್ಬಿ ಕೂರಿಸಿದ್ರೆ ನಮ್ಮ ಕೋಲಾರದ ಲೈನು ಬಂದ್ಬಿಡ್ತು! ಇದೇನೂ ನಮ್ಮ ಸಂಶೋಧನೆ ಅಲ್ಲ, ಯುರೋಪಿನವರು ಬೆಟ್ಟದ ರೈಲುಗಳಿಗೆ ಯಾವಾಗಲೋ ಮಾಡಿಕೊಂಡಿರೋದು. ಸೆಕೆಂಡ್ ಹ್ಯಾಂಡ್ ಎನ್ ಇಂಜಿನ್ನಿನ ಚಾಸಿ ಒಂದು ಸಿಕ್ಕಿತು, ಮೇಲಿನ ಬಾಡಿ ತ್ರೀಡಿ ಪ್ರಿಂಟ್. ಸ್ಟೇಷನ್ ಕಟ್ಟಡಕ್ಕೆ ನಂದಿ ಹಾಲ್ಟ್‌ಗೆ ಹೋಗಿ ಹಳೇ ಕಟ್ಟಡದ ಫೋಟೋ ತೆಗೆದು ಬಂದು ಕಾರ್ಡ್‌ಬೋರ್ಡಲ್ಲಿ ಕಟ್ಟಿದ್ವಿ.

ಹಳಿ ಹಾಕಿ ರೈಲು ಓಡಿಸಿದ್ದು ಒಂದೇ ವಾರದಲ್ಲಿ. ಅದು ಸುತ್ತೋದನ್ನ ಹತ್ತು ನಿಮಿಷ ನೋಡಿದ್ರೆ ಸಾಕು, ಬೇಜಾರು. ಪ್ಲೈವುಡ್ ಮೇಲೆ ಸುತ್ತೋ ರೈಲು ಆಟದ ಸಾಮಾನೇ. ಅದನ್ನ ಒಂದು ಊರಾಗಿ ಮಾಡೋಕೆ ಉಳಿದ ಎಲ್ಲ ರಜೆನೂ ಹೋಯ್ತು.

ಜಲ್ಲಿಯಿಂದ ಶುರು ಮಾಡಿದ್ವಿ. ಹಳಿ ಕೆಳಗಿನ ಜಲ್ಲಿಕಲ್ಲನ್ನ 87ರಿಂದ ಭಾಗಿಸಿದ್ರೆ ಹೆಚ್ಚೂ ಕಮ್ಮಿ ಅರ್ಧದಿಂದ ಮುಕ್ಕಾಲು ಮಿಲಿಮೀಟರ್. ಎದುರು ಮನೆ ಕಟ್ಟೋಕೆ ತಂದು ಸುರಿದಿದ್ದ ಎಂ-ಸ್ಯಾಂಡ್‌ನ ಎರಡು ಬೊಗಸೆ ಬೇಡಿ ತಂದು, ಅಜ್ಜಿಯ ಟೀ ಜಾಲರಿಯಲ್ಲಿ ಜರಡಿ ಹಿಡಿದ್ವಿ. (ಆ ಜಾಲರಿ ಈಗ ರೈಲ್ವೆ ಆಸ್ತಿ.) ಹಳಿ ಮಧ್ಯೆ ಬ್ರಷ್ಷಲ್ಲಿ ಹರಡಿ, ಫೆವಿಕಾಲ್‌ಗೆ ಅಷ್ಟೇ ನೀರು ಸೇರಿಸಿ, ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ಹನಿ ಬಿಟ್ಟು, ಸಿರಿಂಜಲ್ಲಿ ತೊಟ್ಟು ತೊಟ್ಟಾಗಿ ಬಿಡಬೇಕು. ಆ ಒಂದು ಹನಿ ಸೋಪು ಇಲ್ಲದಿದ್ರೆ ನೀರು ಮುತ್ತಿನ ಹಾಗೆ ಮೇಲೆ ನಿಂತು ಜಲ್ಲಿನೆಲ್ಲ ತಳ್ಳಿಬಿಡುತ್ತೆ. ಮಣ್ಣಿಗೆ ನಮ್ಮ ಹೊಲದ ಕೆಂಪು ಮಣ್ಣನ್ನೇ ಒಣಗಿಸಿ ಹಾಕಿದ್ವಿ. ಹಾಕೋ ಮೊದಲು ಅಯಸ್ಕಾಂತ ಆಡಿಸಬೇಕು ಅಂತ ಎಲ್ಲೋ ಓದಿದ್ವಿ. ಆಡಿಸಿದ್ರೆ ಅಯಸ್ಕಾಂತಕ್ಕೆ ಗಡ್ಡ ಬಂದಿತ್ತು! ಅಷ್ಟೂ ಕಬ್ಬಿಣದ ಪುಡಿ. ಅದು ಇಂಜಿನ್ನಿನ ಮೋಟಾರಿಗೆ ಹೋಗಿದ್ರೆ ಕಥೆ ಮುಗೀತಿತ್ತು.

ಆಮೇಲೆ ತಮ್ಮನಿಗೆ ಹುಚ್ಚು ಹಿಡೀತು. ಪ್ಲಾಟ್‌ಫಾರಂ ಮೇಲೆ ಟೊಮೇಟೊ ಕ್ರೇಟು, ಹಾಲಿನ ಕ್ಯಾನು, ಎರಡು ಸೆಂಟಿಮೀಟರ್ ಎತ್ತರದ ಮನುಷ್ಯರು, ಅವರಲ್ಲಿ ಒಬ್ಬ ಬೀಡಿ ಸೇದೋನು. ಬೀಡಿ ತುದಿಗೆ ಕೆಂಪು ಚುಕ್ಕೆ. ಹಳದಿ ಬೋರ್ಡಲ್ಲಿ ಕಪ್ಪಕ್ಷರದ 'ಸುಗಟೂರು', ಕೆಳಗೆ ಸಮುದ್ರ ಮಟ್ಟದಿಂದ ಎತ್ತರ, ಅದನ್ನ ಫೋನ್ ನೋಡಿ ಬರೆದಿದ್ದು. ಹಿಂದಿನ ಗೋಡೆಗೆ ಶತಶೃಂಗ ಬೆಟ್ಟದ ಬಂಡೆಗಳನ್ನ ಬರೆದ, ಸಂಜೆ ಮೋಡ ಅಂತ ಆಕಾಶಕ್ಕೆ ಕಡು ನೀಲಿ-ಬೂದು ಬಳಿದ. ಜರ್ಮನಿಯ ಹ್ಯಾಂಬರ್ಗಲ್ಲಿ ಮಿನಿಯಾಟೂರ್ ವುಂಡರ್‌ಲ್ಯಾಂಡ್ ಅಂತ ದೊಡ್ಡ ಲೇಔಟ್ ಇದೆ, ಅಲ್ಲಿ ವಿಮಾನ ಕೂಡ ಮೇಲೇಳುತ್ತೆ. ಆ ವಿಡಿಯೋ ನೋಡಿ ಹಾಳಾಗಿದ್ದ. ಅಷ್ಟು ದೂರ ಬೇಡ, ಪುಣೆಯಲ್ಲಿ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ಇದೆ, 1998ರಿಂದ. ಒಂದ್ಸಲ ಹೋಗಬೇಕು ಅಂತ ಆಸೆ.

ಅಕ್ಕನ ಕೆಲಸ ಟೇಬಲ್ ಕೆಳಗೆ. ಎಂಐಟಿಯಲ್ಲಿ 1946ರಲ್ಲಿ ಶುರುವಾದ ಟೆಕ್ ಮಾಡೆಲ್ ರೈಲ್‌ರೋಡ್ ಕ್ಲಬ್ ಬಗ್ಗೆ ನಿಮಗೆ ಗೊತ್ತಿರಬಹುದು. ಅಲ್ಲಿ ಮೇಲ್ಗಡೆ ಬಣ್ಣ ಬಳಿಯೋರ ಗುಂಪು ಒಂದು, ಕೆಳಗಡೆ ವೈರಿಂಗ್ ಮಾಡೋರ ಗುಂಪು ಇನ್ನೊಂದು. ಕೆಳಗಿನವರ ಹೆಸರು 'ಸಿಗ್ನಲ್ಸ್ ಅಂಡ್ ಪವರ್' ಸಬ್‌ಕಮಿಟಿ. ಟೆಲಿಫೋನ್ ಎಕ್ಸ್‌ಚೇಂಜಿನ ಹಳೇ ರಿಲೇಗಳಲ್ಲಿ ಇಡೀ ರೈಲ್ವೆ ಓಡಿಸ್ತಿದ್ದ ಆ ಹುಡುಗರೇ 'ಹ್ಯಾಕರ್' ಅನ್ನೋ ಪದಕ್ಕೆ ಕಂಪ್ಯೂಟರ್ ಲೋಕದಲ್ಲಿ ಜಾಗ ಮಾಡಿಕೊಟ್ಟೋರು. ನಮ್ಮ ಮನೆ ಸಬ್‌ಕಮಿಟಿಯಲ್ಲಿ ಒಬ್ಬಳೇ ಮೆಂಬರು, ತಲೆಗೆ ದಿನಾ ಪ್ಲೈವುಡ್ ಬಡಿಯೋದು.

ಮೊದಲು ಹಾಕಿದ್ದು ಬಣ್ಣದ ದೀಪದ ಸಿಗ್ನಲ್. ಮೂರು ಮಿಲಿಮೀಟರಿನ ಎಲ್‌ಇಡಿ, ಕೆಂಪೊಂದು ಹಸಿರೊಂದು. ಸುಲಭ, ನೋಡೋಕೂ ಚೆಂದ. ತಾತನನ್ನ ಕರೆದು ತೋರಿಸಿದ್ವಿ.

"ಇದೇನಿದು, ಕೈನೇ ಇಲ್ಲ?" ಅಂದ್ರು. "ನಮ್ ಕಾಲದ ಲೈನು ಅಂತೀರಾ, ಕೈ ಇಲ್ದಿದ್ ಸಿಗ್ನಲ್ ಆಕಿದೀರಾ. ಕಿತ್ತಾಕಿ."

ಕೈ ಅಂದ್ರೆ ಹಳೇ ಸಿಗ್ನಲ್ಲಿನ ಪಟ್ಟಿ. ಇಂಗ್ಲಿಷಲ್ಲಿ ಸೆಮಾಫೋರ್ ಅಂತ ನಮಗೆ ಗೊತ್ತಿತ್ತು. ಕನ್ನಡದಲ್ಲಿ ಅದಕ್ಕೆ ಕೈಮರ ಅಂತಾರೆ ಅನ್ನೋದು ಅವತ್ತು ಗೊತ್ತಾಯ್ತು. ಎಷ್ಟು ಸರಿಯಾದ ಪದ! ಮರದ ಕಂಬ, ಅದಕ್ಕೊಂದು ಕೈ. ಕೈ ಅಡ್ಡ ಚಾಚಿದ್ರೆ ನಿಲ್ಲು. ಕೈ ಕೆಳಗೆ ಬಿದ್ರೆ ಹೋಗು. ಚಿಕ್ಕೋರಿದ್ದಾಗ ಅಜ್ಜಿ "ಕೈ ಬಿತ್ತು, ಬೇಗ ಬೇಗ ನಡೀರಿ" ಅಂತ ತವರಿನ ಸ್ಟೇಷನ್ನಿನ ಕಥೆ ಹೇಳೋವಾಗ ಯಾರೋ ಕೈ ಮುರ್ಕೊಂಡಿದ್ದಾರೆ ಅಂತ ನಾವು ಅಂದ್ಕೊಂಡಿದ್ವಿ.

ಸರಿ, ಹಳೇ ಕಾಲದ್ದೇ ಬೇಕು ಅಂತ ತಾತನ ಹಠ, ಮಾಡೋಣ ಅಂತ ಎರಡು ಕೈಮರ ಮಾಡಿದ್ವಿ. ಕಂಬಕ್ಕೆ ಖಾಲಿ ಪೆನ್ ರೀಫಿಲ್, ಎಂಟು ಸೆಂಟಿಮೀಟರ್. ಕೈಗೆ ಕೂಲ್‌ಡ್ರಿಂಕ್ ಡಬ್ಬಿಯ ತಗಡು, ಕೆಂಪು ಬಳಿದು ತುದಿ ಹತ್ತಿರ ಬಿಳಿ ಪಟ್ಟೆ. ಕೆಳಗೆ ಪುಟ್ಟ ಸರ್ವೋ ಮೋಟಾರ್, ಅದಕ್ಕೆ ಆರ್ಡುಯಿನೋ. ಕೈ ಚಲಿಸೋ ಕೋಡ್ ತಮ್ಮಂದು. ನಿಜವಾದ ಕೈಮರದ ಕೈ ಬಿದ್ದಾಗ ತುದಿಯಲ್ಲಿ ಒಂದೆರಡು ಸಲ ಕುಣಿಯುತ್ತೆ, ಆ ಕುಣಿತಾನೂ ಕೋಡಲ್ಲಿ ಬರೆದಿದ್ದ. ಸಿಗ್ನಲ್ ಹಿಂದಿನ ಹಳಿ ತುಂಡಿಗೆ ಕರೆಂಟ್ ಕೊಡೋ, ಕಟ್ ಮಾಡೋ ಕೋಡ್ ಅಕ್ಕಂದು. ಇಬ್ಬರೂ ಬೇರೆ ಬೇರೆ ಟೆಸ್ಟ್ ಮಾಡಿದ್ವಿ, ಇಬ್ಬರದ್ದೂ ಪಾಸು.

ಯುಗಾದಿ ದಿನ ಮನೆ ತುಂಬ ನೆಂಟರು. ಒಬ್ಬಟ್ಟು ತಿಂದಾದ ಮೇಲೆ ಎಲ್ಲರೂ ಹುಳು ಮನೆಗೆ ಬಂದ್ರು. ತಾತನಿಗೆ ಮುಂದೆ ಕುರ್ಚಿ. ಮಕ್ಕಳು ಚಪ್ಪಾಳೆ. ತಮ್ಮ "ನೋಡಿ, ಈಗ ಸಿಗ್ನಲ್ ಕೆಂಪಿದೆ, ರೈಲು ಬಂದು ತಾನೇ ನಿಲ್ಲುತ್ತೆ" ಅಂತ ಗತ್ತಿನಿಂದ ಹೇಳಿದ. ಕೈ ಅಡ್ಡ ಇತ್ತು. ರೈಲು ಬಂತು. ನಿಲ್ಲಲಿಲ್ಲ. ಕೈಮರ ದಾಟಿ, ಸೈಡಿಂಗಿಗೆ ನುಗ್ಗಿ, ಇನ್ನೂ ಅಂಟಿಸದೇ ಇದ್ದ ತಡೆಯನ್ನ ತಳ್ಕೊಂಡು ಟೇಬಲ್ ಅಂಚಿಂದ ಸಿಮೆಂಟ್ ನೆಲಕ್ಕೆ ಬಿತ್ತು. ಬಿದ್ದ ಸದ್ದು ಚಿಕ್ಕದು, ಒಂದು ಸ್ಪೂನ್ ಬಿದ್ದ ಹಾಗೆ. ಬಾಡಿ ಎರಡು ಹೋಳು, ಒಳಗೊಂದು ಗೇರ್ ಸೀಳು. ನಾಲ್ಕು ತಿಂಗಳ ಪಾಕೆಟ್ ಮನಿ.

ಮಕ್ಕಳು ನಕ್ಕರು. ಮಾವ ಒಬ್ಬರು "ಇಂಜಿನಿಯರ್ ಆಗೋಕೆ ಮುಂಚೆನೇ ಆಕ್ಸಿಡೆಂಟಾ" ಅಂದ್ರು. ಎಲ್ಲರ ಮಾತಿನ ಮಧ್ಯೆ ತಾತ ಒಂದೇ ಪ್ರಶ್ನೆ ಕೇಳಿದ್ರು: "ಕೈ ಎಲ್ಲಿತ್ತು?"

"ಆನ್ ಇತ್ತು ತಾತಾ" ಅಂದ್ಳು ಅಕ್ಕ. "ಇಲ್ಲ, ಆಫ್ ಇತ್ತು" ಅಂದ ತಮ್ಮ.

ತಾತ ಸುಮ್ಮನೆ ಎದ್ದು ಹೋದ್ರು. ನಾವು ಎಲ್ಲರ ಮುಂದೆ ಜಗಳ ಆಡಿದ್ವಿ.

ತಪ್ಪು ಏನಾಗಿತ್ತು ಅಂದ್ರೆ, ರೈಲ್ವೆ ಭಾಷೆಯಲ್ಲಿ ಸಿಗ್ನಲ್ 'ಆನ್' ಅಂದ್ರೆ ನಿಲ್ಲು, 'ಆಫ್' ಅಂದ್ರೆ ಹೋಗು. ನಮ್ಮ ಸ್ವಿಚ್ಚಿನ ಲೆಕ್ಕಕ್ಕೆ ಪೂರ್ತಿ ಉಲ್ಟಾ. ಅಕ್ಕ ಸಿಗ್ನಲಿಂಗ್ ಪುಸ್ತಕದ ಪಿಡಿಎಫ್ ಓದಿ ಅದರಂತೆ ಬರೆದಿದ್ದಳು. ತಮ್ಮ ಫ್ಯಾನ್ ಆನ್, ಲೈಟ್ ಆನ್ ಅನ್ನೋ ಹಾಗೆ ಬರೆದಿದ್ದ. ಕೈ 'ಆಫ್' ಅಂತ ಅಡ್ಡ ನಿಂತಿತ್ತು, ಅದೇ 'ಆಫ್' ನೋಡಿ ಹಳಿಗೆ ಕರೆಂಟ್ ಹೋಗ್ತಿತ್ತು. ಎರಡೂ ಕೋಡ್ ಸರಿ. ಕೂಡಿಸಿದಾಗ ರೈಲು ನೆಲಕ್ಕೆ. ಗ್ರೂಪ್ ಪ್ರಾಜೆಕ್ಟ್ ಮಾಡಿರೋರಿಗೆಲ್ಲ ಈ ನೋವು ಗೊತ್ತು.

ಒಂದು ವಾರ ಹುಳು ಮನೆ ಕಡೆ ಹೋಗಲಿಲ್ಲ. ತಾತ ನಮ್ಮನ್ನ ಎಲ್ಲರ ಮುಂದೆ ಪರೀಕ್ಷೆ ಮಾಡಿಬಿಟ್ರು ಅಂತ ಸಿಟ್ಟು ಬೇರೆ. ಕಣ್ಣೆದುರಿಗೇ ಇದ್ದ ಕೈಯನ್ನ ಎಲ್ಲಿತ್ತು ಅಂತ ಕೇಳೋದು ಅಂದ್ರೆ ಹಂಗಿಸೋದು ತಾನೆ?

ಅಲ್ಲ ಅಂತ ಗೊತ್ತಾಗಿದ್ದು ಅಜ್ಜಿಯಿಂದ. ಅಕ್ಕ ಕಾಲೇಜಿಗೆ ವಾಪಸ್ ಹೊರಟಾಗ ಅಜ್ಜಿ ಬಸ್‌ಸ್ಟಾಪಿನವರೆಗೂ ಬಂದು, "ತಾತನ್ನ ಒಂದ್ಸಲ ಕಣ್ಣಾಸ್ಪತ್ರೆಗೆ ಕರ್ಕೊಂಡೋಗೋಕೆ ನಿಮ್ಮಪ್ಪಂಗೆ ಏಳಮ್ಮಾ. ತಟ್ಟೆ ಪಕ್ಕದಲ್ಲಿರೋ ಲೋಟ ಕಾಣ್ತಿಲ್ಲ, ಒಪ್ಕೊಳ್ಳಲ್ಲ" ಅಂದ್ರು. ಡಾಕ್ಟರು ಗ್ಲಾಕೋಮಾ ಅಂದ್ರು. ಕಣ್ಣೊಳಗಿನ ಒತ್ತಡದಿಂದ ನರ ಹಾಳಾಗೋ ಕಾಯಿಲೆ. ಸುತ್ತಲಿನ ನೋಟ ಮೊದಲು ಹೋಗುತ್ತೆ, ಪೈಪ್ ಒಳಗಿಂದ ನೋಡಿದ ಹಾಗೆ ಮಧ್ಯದ್ದು ಉಳಿಯುತ್ತೆ. ನೋವಿಲ್ಲ, ಅದಕ್ಕೇ ಗೊತ್ತಾಗಲ್ಲ. ಹೋಗಿರೋದು ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೊಳ್ಳೋಕೆ ದಿನಾ ಡ್ರಾಪ್ಸ್ ಹಾಕಬೇಕು.

ಆಮೇಲೆ ಒಂದೊಂದೇ ನೆನಪಾಯ್ತು. ಎಲ್‌ಇಡಿ ಕಿತ್ತಾಕಿ ಅಂದಿದ್ದು ಹಳೇ ಕಾಲದ ಹಠಕ್ಕಲ್ಲ, ಅಷ್ಟು ಸಣ್ಣ ದೀಪ ಅವರಿಗೆ ಸಿಗ್ತಾನೇ ಇರಲಿಲ್ಲ. ಕೈ ಎಲ್ಲಿತ್ತು ಅಂತ ಕೇಳಿದ್ದು, ಅವರಿಗೆ ಕೈ ಕಾಣಿಸದೇ ಇದ್ದಿದ್ದಕ್ಕೆ. ತಮ್ಮನ ಬೀಡಿ ಕೆಂಪು ಚುಕ್ಕೆಯನ್ನ "ಬಲೇ ಇದೆ" ಅಂದಿದ್ದು ಸುಮ್ಮನೆ, ನಮ್ಮ ಖುಷಿಗೆ. ಅವರ ಕಣ್ಣು ನೋಡೋ ಕೆಲಸ ಮಾಡೋಕೆ ನಾವಿಬ್ಬರಿದ್ವಿ, ನಾವು ನೋಡ್ತಿದ್ದದ್ದು 87ನೇ ಒಂದು ಭಾಗದ ಬೀಡಿನ.

ಮುಂದಿನ ಶನಿವಾರ ತಾತನ ಹತ್ತಿರ ಕೂತು ಸಿಗ್ನಲ್ ಬಗ್ಗೆ ಕೇಳಿದ್ವಿ. ಮೊದಲ ಸಲ ಸರಿಯಾಗಿ ಕೇಳಿದ್ದು ಅನ್ನಬೇಕು. ಅವರು ಹೇಳಿದ್ದರಲ್ಲಿ ಒಂದು ಕಥೆ ಇದೆ. ಅಜ್ಜಿ ಆನ್‌ಲೈನ್ ಮ್ಯಾಗಜೀನ್ ಓದಲ್ಲ ಅನ್ನೋ ಧೈರ್ಯದ ಮೇಲೆ ಬರೀತಿದ್ದೀವಿ.

ಕೈಮರದ ಕೈಗೆ ಹಗಲಲ್ಲಿ ಅದರ ಭಂಗಿಯೇ ಸಿಗ್ನಲ್. ರಾತ್ರಿ ಹೊತ್ತು ದೀಪ. ಕೈ ಬುಡದಲ್ಲಿ ಕನ್ನಡಕದ ಹಾಗೆ ಎರಡು ಗಾಜು, ಹಿಂದೆ ಸೀಮೆಣ್ಣೆ ದೀಪ. ದಿನಾ ಸಂಜೆ ಏಣಿ ಹತ್ತಿ ಹಚ್ಚಿಡಬೇಕು. ದೀಪ ಉರೀತಿದೆಯೋ ಇಲ್ವೋ ಅಂತ ಸ್ಟೇಷನ್ನಲ್ಲಿ ಇರೋರಿಗೆ ಗೊತ್ತಾಗೋಕೆ ಹಿಂಬದಿಗೆ ಒಂದು ಸಣ್ಣ ತೂತು, ಅದರಿಂದ ಒಂದು ಚುಕ್ಕೆ ಬಿಳಿ ಬೆಳಕು. ಒಂದು ಮಳೆ ರಾತ್ರಿ ತಾತ ನೋಡಿದಾಗ ಆ ಚುಕ್ಕೆ ಇರಲಿಲ್ಲ. ಜ್ವರ ಇತ್ತಂತೆ. ಮಳೆ ನಿಲ್ಲಲಿ, ಹೋದ್ರಾಯ್ತು ಅಂತ ಕೂತ್ರು, ಕಣ್ಣು ಹತ್ತಿತು. ಎಚ್ಚರ ಆದಾಗ ಹೊರಗೆ ಇಂಜಿನ್ ಕೂಗ್ತಾ ಇತ್ತು, ಕೂಗ್ತಾನೇ ಇತ್ತು.

"ಡ್ರೈವರ್ ನಿಲ್ಸಿದ್ದ. ದೀಪ ಇಲ್ದಿದ್ರೆ ಕೆಂಪು ಅಂತ್ಲೇ ಲೆಕ್ಕ. ಕತ್ಲೆ ಇದ್ರೆ ಓಗ್ಬೋದು ಅಂತ ರೂಲ್ ಇಲ್ಲ, ನಿಲ್ಬೇಕು ಅಂತ ರೂಲು. ಅದಿಕ್ಕೇ ಏನೂ ಆಗ್ಲಿಲ್ಲ. ನಂಗೊಂದು ಇನ್‌ಕ್ರಿಮೆಂಟ್ ಕಟ್ ಆಯ್ತು, ಅಷ್ಟೆ. ನಿಮ್ಮಜ್ಜಿಗೆ ಸಂಬಳ ಯಾಕ್ ಏರ್ಲಿಲ್ಲ ಅಂತ ಏನೋ ಒಂದು ಏಳ್ದೆ."

ಇದನ್ನ ಅವರು ಯಾರಿಗೂ ಹೇಳಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೋರ್‌ವೆಲ್ ಸ್ಟಾರ್ಟರ್ ಐತಲ್ಲ, ಕರೆಂಟ್ ಓದ್ರೆ ಏನ್ ಮಾಡ್ತದೆ?" ಅಂತ ಕೇಳಿದ್ರು.

ಕೋಲಾರದಲ್ಲಿ ಹುಟ್ಟಿ ಸ್ಟಾರ್ಟರ್ ಗೊತ್ತಿಲ್ಲ ಅನ್ನೋಕಾಗುತ್ತಾ. ಹಸಿರು ಗುಂಡಿ ಒತ್ತಿದ್ರೆ ಒಳಗಿನ ಕಾಯಿಲ್ ಹಿಡ್ಕೊಳ್ಳುತ್ತೆ, ಮೋಟಾರ್ ಓಡುತ್ತೆ. ಕರೆಂಟ್ ಹೋದ ತಕ್ಷಣ ಕಾಯಿಲ್ ಬಿಟ್ಬಿಡುತ್ತೆ. ಕರೆಂಟ್ ವಾಪಸ್ ಬಂದ್ರೂ ತಾನಾಗಿ ಶುರು ಆಗಲ್ಲ, ಯಾರಾದ್ರೂ ಹೋಗಿ ಮತ್ತೆ ಗುಂಡಿ ಒತ್ತಬೇಕು. ಇದಕ್ಕೋಸ್ಕರ ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡ್ಕೊಂಡು ಹೊಲಕ್ಕೆ ಹೋಗೋ ರೈತರು ಇದ್ದಾರೆ.

"ಕೈನೂ ಅಂಗೇ ಮಾಡ್ರಿ. ಎಳ್ದು ಇಡ್ಕೊಂಡಿದ್ರೆ ಮಾತ್ರ ಬೀಳ್ಬೇಕು. ತಂತಿ ಕಿತ್ರೂ, ಕರೆಂಟ್ ಓದ್ರೂ, ನೀವು ನಿದ್ದೆ ಓಡುದ್ರೂ ತಾನಾಗೇ ಅಡ್ಡ ಬರ್ಬೇಕು. ಆಮ್ಯಾಕೆ ಕೈಗೊಂದು ಮಾತು ಅಳಿಗೊಂದು ಮಾತು ಯಾಕೆ? ಕೈ ಬಿದ್ರೆ ತಾನೇ ಅಳಿಗೆ ಕರೆಂಟು?"

ಮೂರನೇ ಸೆಮಿಸ್ಟರಲ್ಲಿ 'ಫೇಲ್ ಸೇಫ್' ಅಂತ ಎರಡು ಮಾರ್ಕ್ಸಿಗೆ ಬರೆದಿದ್ವಿ. ಏನು ಬರೆದ್ವಿ ಅಂತ ನೆನಪಿಲ್ಲ.

ಆರ್ಡುಯಿನೋ ಬಿಚ್ಚಿ ಡಬ್ಬಕ್ಕೆ ಹಾಕಿದ್ವಿ. ಹೇಳಬೇಕಂದ್ರೆ ಹೊಟ್ಟೆ ಉರೀತು. ಅದನ್ನ ಮಿನಿ ಪ್ರಾಜೆಕ್ಟಲ್ಲಿ ಐಓಟಿ ಅಂತ ತೋರಿಸೋ ಪ್ಲಾನ್ ಇತ್ತು. ಎಸ್‌ಪಿ ರೋಡಲ್ಲಿ 12 ವೋಲ್ಟ್ ರಿಲೇಗಳನ್ನ ತಂದ್ವಿ. ರಿಲೇ ಒಳಗಿನ ಪಟ್ಟಿ ಒಂದು ಮಿಲಿಮೀಟರ್ ಅಷ್ಟೇ ಚಲಿಸೋದು. ಕೈ ತಿರುಗೋ ಮೊಳೆಯಿಂದ ಒಂದೂವರೆ ಮಿಲಿಮೀಟರ್ ದೂರದಲ್ಲಿ ದಾರ ಕಟ್ಟಿ ಆ ಒಂದು ಮಿಲಿಮೀಟರ್ ಎಳೆದ್ರೆ ಕೈ ನಲವತ್ತು ಡಿಗ್ರಿ ಚಿಲ್ಲರೆ ಇಳಿಯುತ್ತೆ. ಸಾಕು. ಮೊಳೆಯ ಆಚೆ ಬದಿಗೆ ಒಂದು ಗುಂಡು ಸೀಸ, ಕೈಗಿಂತ ಕೊಂಚ ಭಾರ. ದಾರ ಬಿಟ್ಟ ತಕ್ಷಣ ಸೀಸ ಇಳಿದು ಕೈ ಅಡ್ಡ ಬರುತ್ತೆ. ನಿಜವಾದ ಕೈಮರದಲ್ಲೂ ಇದೇ ತತ್ವ, ತಂತಿ ತುಂಡಾದ್ರೆ ತೂಕವೇ ಕೈಯನ್ನ ಅಡ್ಡ ತರುತ್ತೆ. ದಾರಕ್ಕೆ ನೈಲಾನ್ ಹಾಕಿ ನೋಡಿದ್ವಿ, ಸುರುಳಿ ಬಿಡಲ್ಲ. ಕೊನೆಗೆ ಅಜ್ಜಿ ಗೂಡಿನಿಂದ ಬಿಚ್ಚಿ ಹೊಸೆದುಕೊಟ್ಟ ರೇಷ್ಮೆ ಎಳೆ. ರೀಫಿಲ್ ಒಳಗೆ ಎಣ್ಣೆ ಹಾಕಿದ ಹಾಗೆ ಜಾರುತ್ತೆ.

ಕೈ ಬುಡದಲ್ಲಿ ಒಂದು ತಾಮ್ರದ ತುಣುಕು. ಕೈ ನಿಜವಾಗಿ ಬಿದ್ದಾಗ ಮಾತ್ರ ಅದು ತಾಗಿ ಹಳಿ ತುಂಡಿಗೆ ಕರೆಂಟ್ ಹೋಗುತ್ತೆ. ಈಗ ಆನ್ ಆಫ್ ಅಂತ ಜಗಳ ಆಡೋಕೆ ವೇರಿಯಬಲ್ಲೇ ಇಲ್ಲ. ಕೊನೇ ಡಬ್ಬಿ ಕೆಳಗೊಂದು ಅಯಸ್ಕಾಂತ, ಕೈಮರ ದಾಟಿದ ಮೇಲೆ ಹಳಿ ಮಧ್ಯೆ ರೀಡ್ ಸ್ವಿಚ್. ರೈಲು ಪೂರ್ತಿ ದಾಟಿದ್ರೆ ರಿಲೇ ಹಿಡಿತ ಬಿಟ್ಟು ಕೈ ತಾನಾಗೇ ಅಡ್ಡ ಬರುತ್ತೆ. ಕಂಟ್ರೋಲ್‌ಗೆ ಕೆಟ್ಟುಹೋದ ಸ್ಟಾರ್ಟರ್ ಡಬ್ಬಿಯ ಹಸಿರು, ಕೆಂಪು ಗುಂಡಿಗಳನ್ನೇ ಕಿತ್ತು ಟೇಬಲ್ ಅಂಚಿಗೆ ಜೋಡಿಸಿದ್ವಿ. ಅಷ್ಟು ದಪ್ಪ ಗುಂಡಿ ಯಾಕೆ ಅಂತ ನಿಮಗೆ ಗೊತ್ತು.

ದೀಪದಲ್ಲಿ ಒಂದು ತಮಾಷೆ ನಡೀತು. ಹಳೇ ಕೈಮರದ ಹಸಿರು ಗಾಜು ಕೈಯಲ್ಲಿ ಹಿಡಿದ್ರೆ ನೀಲಿ ನೀಲಿ ಇರುತ್ತೆ ಅಂತ ತಾತ ಹೇಳಿದಾಗ ನಂಬಲಿಲ್ಲ. ಸೀಮೆಣ್ಣೆ ಬೆಳಕು ಹಳದಿ, ಹಸಿರು ಗಾಜು ಹಾಕಿದ್ರೆ ಹಳದಿ ಹಳದಿ ಕಾಣುತ್ತೆ, ನೀಲಿ ಕಡೆಗಿನ ಗಾಜು ಹಾಕಿದ್ರೆ ಸರಿಯಾದ ಹಸಿರು ಬರುತ್ತೆ. ಹಳದಿ ಬೆಳಕಿನ ಎಲ್‌ಇಡಿ ಮುಂದೆ ನೀಲಿ-ಹಸಿರು ಚಾಕೊಲೇಟ್ ಕಾಗದ ಹಿಡಿದು ನೋಡಿದ್ವಿ. ಹಸಿರು! ಹಿಂಬದಿಗೆ ಸೂಜಿಯಲ್ಲಿ ತೂತು ಮಾಡೋದನ್ನ ಮಾತ್ರ ತಮ್ಮ ಯಾರೂ ಹೇಳದೇ ಮಾಡಿದ.

ಇನ್ನು ಕಾಣಿಸೋ ವಿಷಯ. ಶತಶೃಂಗದ ಹಿಂದಿನ ಕಡು ಆಕಾಶಕ್ಕೆ ಬೆಳ್ಳಗೆ ಬಳಿದ್ವಿ, ಕೆಂಪು ಕೈ ಎದ್ದು ಕಾಣಲಿ ಅಂತ. ಕೈ ಉದ್ದವನ್ನ ಒಂದೂವರೆ ಪಟ್ಟು ಮಾಡಿದ್ವಿ. ಸ್ಕೇಲ್ ತಪ್ಪು, ಗೊತ್ತು. 87ನೇ ಒಂದು ಭಾಗ ಅಂತ ಜಪ ಮಾಡ್ತಿದ್ದ ತಮ್ಮನೇ ಕತ್ತರಿ ಹಿಡಿದು ಹೊಸ ತಗಡು ಕತ್ತರಿಸಿದ. ತಾತನ ಕುರ್ಚಿ ಎಲ್ಲಿಟ್ಟರೆ ಕೈಮರ ಅವರ ನೋಟದ ಮಧ್ಯಕ್ಕೆ ಬರುತ್ತೆ ಅಂತ ಹುಡುಕಿ, ನೆಲದ ಮೇಲೆ ನಾಲ್ಕು ಕಾಲಿಗೂ ಸೀಮೆಸುಣ್ಣದ ಗುರುತು ಹಾಕಿದ್ವಿ. ಉಳಿದದ್ದನ್ನ ಅವರು ಬೆರಳಲ್ಲಿ ನೋಡ್ತಾರೆ. ಮೊದಲ ದಿನ ಬೀಡಿ ಸೇದೋನ ಕೈ ಮುರೀತು, ಹಾಲಿನ ಕ್ಯಾನು ಉರುಳಿತು. ಅಂಥವನ್ನೆಲ್ಲ ತೆಗೆದು, ಮುಟ್ಟಿದ್ರೆ ತಡೆಯೋ ಅಂಥದ್ದು ಇಟ್ಟಿದ್ದೀವಿ: ಹುಣಸೆ ಕಡ್ಡಿಯ ಮರ, ಕಲ್ಲಿನ ಚೂರಿನ ಬಂಡೆ, ಟೊಮೇಟೊ ಕ್ರೇಟಿಗೆ ದಪ್ಪ ಬೆಂಕಿಪೊಟ್ಟಣದ ಕಡ್ಡಿ. ಬೋರ್ಡಿನ ಅಕ್ಷರಗಳನ್ನ ಫೆವಿಕಾಲಲ್ಲಿ ಉಬ್ಬಿಸಿ ಬರೆದ್ವಿ. ತಾತ ಬೆರಳಾಡಿಸಿ "ಸು… ಗ… ಟೂ…" ಅಂತ ಓದಿದ್ರು. "ರು ಸಣ್ಣದಾಯ್ತು" ಅಂದ್ರು.

ಇಂಜಿನ್ ರಿಪೇರಿ ಆಗಿ ಬಂದಿದ್ದು ಮೇ ತಿಂಗಳಲ್ಲಿ. ಆ ಭಾನುವಾರ ಸಂಜೆ ನೆಂಟರು ಯಾರೂ ಇರಲಿಲ್ಲ, ನಾವು ಮೂವರೇ, ಅಜ್ಜಿ ಬಾಗಿಲ ಹತ್ತಿರ ಹುರುಳಿಕಾಯಿ ಬಿಡಿಸ್ತಾ ಕೂತಿದ್ರು. ತಾತ ಹಸಿರು ಗುಂಡಿ ಒತ್ತಿದ್ರು. ಟಕ್ ಅಂತ ಕೈ ಬಿತ್ತು. ರೈಲು ಹೊರಟು ಇನ್ನೇನು ಕೈಮರದ ಹತ್ತಿರ ಬರಬೇಕು, ಗುಡುಗಿತು, ಕರೆಂಟ್ ಹೋಯ್ತು. ಪೂರ್ತಿ ಕತ್ತಲು. ಕತ್ತಲಲ್ಲಿ ಇನ್ನೊಂದು ಸಣ್ಣ ಸದ್ದು, ಟಕ್.

"ಅಡ್ಡ ಬಂತು" ಅಂದ್ರು ತಾತ. ನಮಗೆ ಏನೂ ಕಾಣ್ತಿರಲಿಲ್ಲ.

ಮಳೆ ಜೋರಾಗಿ ಹೊಡೀತು, ಶೀಟಿನ ಮೇಲೆ ಆ ಸದ್ದಲ್ಲಿ ಮಾತೇ ಕೇಳ್ತಿರಲಿಲ್ಲ. ಅರ್ಧ ಗಂಟೆ ಆದ ಮೇಲೆ ಟ್ಯೂಬ್‌ಲೈಟ್ ಮಿಣುಕಿ ಹತ್ತಿತು. ರೈಲು ನಿಂತಲ್ಲೇ ನಿಂತಿತ್ತು, ಕೈ ಅಡ್ಡ ಚಾಚಿತ್ತು, ಏನೂ ಅಲುಗಾಡಲಿಲ್ಲ. ತಮ್ಮ ಖುಷಿಯಿಂದ ಗುಂಡಿ ಒತ್ತೋಕೆ ಹೋದ. ತಾತ ಅವನ ಕೈ ಹಿಡಿದ್ರು.

"ಲೈನ್ ಕ್ಲಿಯರ್ ಕೇಳಿದ್ಯಾ?"

ಮುಂದಿನ ಸ್ಟೇಷನ್ ಅಂದ್ರೆ ಟೇಬಲ್ಲಿನ ಆ ತುದಿ, ಅಲ್ಲಿ ಒಂದು ಖಾಲಿ ಫೆವಿಕಾಲ್ ಡಬ್ಬ ಹಳಿ ಮೇಲೆ ಉರುಳಿ ಬಿದ್ದಿತ್ತು. ಅಕ್ಕ ಓಡಿ ಹೋಗಿ ಎತ್ತಿದಳು.

"ಕ್ಲಿಯರ್ ತಾತಾ."

ತಾತನ ಬೆರಳು ಟೇಬಲ್ ಅಂಚು ಸವರಿಕೊಂಡು ಹೋಗಿ ಹಸಿರು ಗುಂಡಿಯನ್ನ ಹುಡುಕಿತು.